ಮಂಡಿ ಬದಲಾಯಿತು, ನೋವು ಉಳಿಯಿತು: ನರಕ್ಕೆ ಕರೆಂಟ್ ಕೊಡಿಸಬೇಕಾ?

ಪ್ರಶ್ನೆ: ನಾವು ತಿಪಟೂರಿನವರು. ನನ್ನ ತಾಯಿಗೆ 66 ವರ್ಷ, ಹತ್ತು ವರ್ಷದಿಂದ ಶುಗರ್ ಇದೆ. ಒಂದೂವರೆ ವರ್ಷದ ಹಿಂದೆ ಬಲ ಮಂಡಿ ಬದಲಾಯಿಸುವ ಆಪರೇಷನ್ ಆಯಿತು. ಎಕ್ಸ್‌ರೇ ಚೆನ್ನಾಗಿದೆ ಅಂತಾರೆ. ಮಂಡಿ ಚೆನ್ನಾಗಿ ಮಡಚುತ್ತದೆ. ಆದರೂ ಒಳಮಗ್ಗುಲಲ್ಲಿ ಉರಿ, ಚುಚ್ಚಿದ ಹಾಗೆ ನೋವು. ರಾತ್ರಿ ಜಾಸ್ತಿ. ಸೀರೆಯ ನೆರಿಗೆ ತಾಗಿದರೂ ಸಹಿಸುವುದಿಲ್ಲ. ಫಿಸಿಯೋಥೆರಪಿಯವರು 'ಕರೆಂಟ್ ಇಡೋಣ' ಅಂದರು. ಒಳಗೆ ಲೋಹ ಇದೆಯಲ್ಲ ಎಂದು ನಾವೇ ಬೇಡ ಅಂದೆವು. ಅಮೆರಿಕದಲ್ಲಿರುವ ತಮ್ಮ ಅಲ್ಲಿನ ಒಂದು ಚಿಕಿತ್ಸೆಯ ಬಗ್ಗೆ ಹೇಳುತ್ತಿದ್ದಾನೆ. ನರದ ಪಕ್ಕ ತಂತಿ ಇಟ್ಟು 60 ದಿನ ಕರೆಂಟ್ ಕೊಟ್ಟು ಆಮೇಲೆ ತೆಗೆಯುತ್ತಾರಂತೆ. ಅಮ್ಮನನ್ನು ಕರೆಸಿಕೊಳ್ಳುತ್ತೇನೆ ಎನ್ನುತ್ತಾನೆ. ಎಡ ಮಂಡಿಯೂ ಆಪರೇಷನ್ನಿಗೆ ಬಂದಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಸೀರೆಯ ನೆರಿಗೆಯ ಮಾತು. ಎಕ್ಸ್‌ರೇ ತೋರಿಸದ್ದನ್ನು ಅದು ತೋರಿಸುತ್ತದೆ. ಬಟ್ಟೆ ತಾಗಿದರೆ ನೋಯಬಾರದು. ನೋಯುತ್ತಿದೆ ಎಂದರೆ ಅಲ್ಲಿ ನರದ ತಕರಾರು ಇರುವ ಸಾಧ್ಯತೆ ಹೆಚ್ಚು. 'ಎಕ್ಸ್‌ರೇ ಚೆನ್ನಾಗಿದೆ, ಇನ್ನೇನು ನೋವು?' ಎಂದು ಯಾರಾದರೂ ಅಮ್ಮನಿಗೆ ಹೇಳಿದ್ದರೆ, ಆ ಮಾತನ್ನು ಅವರು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ಎಕ್ಸ್‌ರೇಯಲ್ಲಿ ಮೂಳೆ, ಲೋಹ ಕಾಣುತ್ತವೆ. ನರ ಕಾಣುವುದಿಲ್ಲ.

ಮಂಡಿ ಬದಲಾಯಿಸಿಕೊಂಡವರಲ್ಲಿ ಹೆಚ್ಚಿನವರು ಆರಾಮಾಗುತ್ತಾರೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋವು ಉಳಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡಿದೆ. ಸೊಂಟದ ಕೀಲು ಬದಲಾಯಿಸಿದವರಲ್ಲಿ ಇದು ಅದರ ಅರ್ಧದಷ್ಟು. ಆಪರೇಷನ್ ಆಗಿ ಮೂರು ತಿಂಗಳು ದಾಟಿದ ಮೇಲೂ ಉಳಿಯುವ ನೋವಿಗೆ ಈಗ ವೈದ್ಯಲೋಕದ ರೋಗಪಟ್ಟಿಯಲ್ಲಿ ಬೇರೆಯೇ ಹೆಸರು, ಬೇರೆಯೇ ಕೋಡ್ ಇದೆ. ಅಂದರೆ ಇದು ನಿಮ್ಮ ಮನೆಯ ಸಮಸ್ಯೆ ಮಾತ್ರ ಅಲ್ಲ.

ಕರೆಂಟಿನ ಮಾತಿಗೆ ಬರುವ ಮೊದಲು ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ರಿಟೈರ್ಡ್ ಮೇಷ್ಟ್ರು ನನ್ನ ಹತ್ತಿರ ಬಂದಿದ್ದರು. ಮಂಡಿ ಬದಲಾಯಿಸಿ ಎರಡು ವರ್ಷ. ನೋವು ಹಾಗೇ ಇದೆ. 'ಡಾಕ್ಟ್ರೇ, ನರ ಸುಟ್ಟುಬಿಡಿ' ಎನ್ನುತ್ತಲೇ ಒಳಗೆ ಬಂದರು. ಮಲಗಿಸಿ ಕಾಲನ್ನು ಮಡಚಿ ಸೊಂಟದಲ್ಲಿ ಒಳಕ್ಕೆ ತಿರುಗಿಸಿದೆ. ಹೌಹಾರಿಬಿಟ್ಟರು. ನೋವು ಹುಟ್ಟುತ್ತಿದ್ದದ್ದು ಸೊಂಟದ ಕೀಲಿನಲ್ಲಿ, ಕಾಣುತ್ತಿದ್ದದ್ದು ಮಂಡಿಯಲ್ಲಿ. ಸೊಂಟದ ಕೀಲಿಗೂ ಮಂಡಿಗೂ ಕೆಲವು ನರಗಳು ಒಂದೇ, ಅದಕ್ಕೇ ಮೆದುಳಿಗೆ ವಿಳಾಸ ತಪ್ಪುತ್ತದೆ. ಅವರ ಮಂಡಿಯ ನರಕ್ಕೆ ಎಷ್ಟು ಕರೆಂಟ್ ಕೊಟ್ಟಿದ್ದರೂ ದುಡ್ಡು ದಂಡ.

ಹಾಗಾಗಿ ಮೊದಲು ಮೂಳೆ ಡಾಕ್ಟರ ಹತ್ತಿರ ಇನ್ನೊಂದು ಸಲ ಹೋಗಿ. ಸೋಂಕು ಇಲ್ಲ ಎಂದು ಖಚಿತವಾಗಬೇಕು. ಇದು ಎಲ್ಲಕ್ಕಿಂತ ಮುಖ್ಯ, ಶುಗರ್ ಇರುವವರಲ್ಲಿ ಇನ್ನೂ ಮುಖ್ಯ. ಇಎಸ್‌ಆರ್, ಸಿಆರ್‌ಪಿ ಎಂಬ ಎರಡು ರಕ್ತಪರೀಕ್ಷೆ ತಿಪಟೂರಿನಲ್ಲೇ ಆಗುತ್ತವೆ. ಅವು ಜಾಸ್ತಿ ಬಂದರೆ ಮಂಡಿಯ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಆ ನೀರು ತೆಗೆಯುವ ತನಕ ಯಾರೇ ಆಂಟಿಬಯೋಟಿಕ್ ಬರೆದುಕೊಟ್ಟರೂ 'ಈಗಲೇ ಬೇಕಾ?' ಎಂದು ಕೇಳಿ. ಮೊದಲೇ ಮಾತ್ರೆ ನುಂಗಿದರೆ ಪರೀಕ್ಷೆಯಲ್ಲಿ ಕ್ರಿಮಿ ಸಿಗದೇ ಹೋಗಬಹುದು. ಜ್ವರ, ಕೆಂಪು, ಬಿಸಿ, ಹೊಸದಾಗಿ ಬಂದ ಊತ, ಗಾಯದಿಂದ ನೀರು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ತೋರಿಸಬೇಕು.

ಉಳಿದದ್ದನ್ನು ನೋವಿನ ರೀತಿಯೇ ಬಹಳ ಮಟ್ಟಿಗೆ ಹೇಳುತ್ತದೆ. ಕೂತು ಎದ್ದ ಮೊದಲ ನಾಲ್ಕು ಹೆಜ್ಜೆಗೆ ನೋವು, ಆಮೇಲೆ ಕಡಿಮೆ ಎಂದರೆ ಒಳಗೆ ಕೂರಿಸಿದ ಕೃತಕ ಭಾಗ ಸಡಿಲವಾಗಿದೆಯಾ ನೋಡಬೇಕು. ಮೆಟ್ಟಿಲು ಇಳಿಯುವಾಗ ಮಂಡಿ ಕೈಕೊಟ್ಟ ಹಾಗಾದರೆ ಕೀಲಿನ ಬಿಗಿ ಸರಿಯಿಲ್ಲ. ಸೊಂಟದಿಂದ ತೊಡೆಯ ಮುಂಭಾಗಕ್ಕೆ ಇಳಿದು ಬರುವ ನೋವಾದರೆ ಬೆನ್ನಿನ ನರ. ಸುಮ್ನೆ ಮಲಗಿದ್ದಾಗಲೂ ಉರಿ, ಮುಟ್ಟಿದರೆ ಶಾಕ್ ಎಂದರೆ ಮಂಡಿಯ ಚರ್ಮದ ನರ. ಅಮ್ಮನದ್ದು ಈ ಕೊನೆಯದರ ಹಾಗೆ ಕಾಣುತ್ತದೆ. ಆದರೆ ರಾತ್ರಿ ನೋವು ಸೋಂಕಿನಲ್ಲೂ ಇರುತ್ತದೆ, ಅದಕ್ಕೇ ರಕ್ತಪರೀಕ್ಷೆಯನ್ನು ಬಿಡುವ ಹಾಗಿಲ್ಲ.

ಅಂಥ ನರ ಯಾವುದು? ತೊಡೆಯ ಒಳಭಾಗದಿಂದ ಕೆಳಗಿಳಿಯುವ ಸಫೀನಸ್ ಎಂಬ ನರ ಇದೆ. ಅದರ ಒಂದು ಚಿಕ್ಕ ಕವಲು ಮಂಡಿಚಿಪ್ಪಿನ ಕೆಳಗೆ ಒಳಮಗ್ಗುಲಿಂದ ಹೊರಮಗ್ಗುಲಿಗೆ ಅಡ್ಡ ಹಾಯುತ್ತದೆ. ಮಂಡಿ ಬದಲಾಯಿಸುವಾಗ ಮುಂದೆ ಉದ್ದಕ್ಕೆ ಕೊಯ್ಯಬೇಕಲ್ಲ, ಆಗ ಈ ಕವಲು ಸಾಮಾನ್ಯವಾಗಿ ತುಂಡಾಗುತ್ತದೆ. ಇದು ಡಾಕ್ಟರ ತಪ್ಪಲ್ಲ, ದಾರಿಯೇ ಹಾಗಿದೆ. ಹೆಚ್ಚಿನವರಿಗೆ ಗಾಯದ ಹೊರಬದಿಯಲ್ಲಿ ಅಂಗೈ ಅಗಲದಷ್ಟು ಜಾಗ ಮರಗಟ್ಟುತ್ತದೆ, ಕ್ರಮೇಣ ಅದನ್ನು ಮರೆತೇ ಬಿಡುತ್ತಾರೆ. ಕೆಲವರಲ್ಲಿ ಮಾತ್ರ ಒಳಮಗ್ಗುಲಲ್ಲಿ ಉಳಿದ ತುದಿ ಮತ್ತೆ ಚಿಗುರಲು ಹೋಗಿ ಗಂಟು ಕಟ್ಟುತ್ತದೆ. ಅದನ್ನು ನ್ಯೂರೋಮಾ ಎನ್ನುತ್ತೇವೆ. ಅಮ್ಮನ ನೋವು ಗಾಯದ ಒಳಬದಿಯಲ್ಲೇ ಇದೆ ನೋಡಿ. ಅಲ್ಲಿ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ನೋಡಿ. ಒಂದೇ ಒಂದು ಜಾಗದಲ್ಲಿ ಜುಂ ಎಂದು ಶಾಕ್ ಹೊಡೆದು ಹೊರಬದಿಗೆ ಹರಿದರೆ ಬಹುಮಟ್ಟಿಗೆ ಉತ್ತರ ಸಿಕ್ಕ ಹಾಗೆ.

ಅದನ್ನು ಗಟ್ಟಿಮಾಡಿಕೊಳ್ಳಲು ಒಂದು ಸಣ್ಣ ಪರೀಕ್ಷೆ ಇದೆ. ಪೇನ್ ಕ್ಲಿನಿಕ್‌ನಲ್ಲಿ ಅಲ್ಟ್ರಾಸೌಂಡ್ ಇಟ್ಟುಕೊಂಡು ಆ ನರದ ಪಕ್ಕ ಮರಗಟ್ಟಿಸುವ ಮದ್ದು ಹಾಕುತ್ತೇವೆ. ಹಲ್ಲು ಕೀಳುವಾಗ ಹಾಕುವಂಥದ್ದೇ ಮದ್ದು. ಮದ್ದು ಕೆಲಸ ಮಾಡುವಷ್ಟು ಹೊತ್ತು ನೋವು ಪೂರ್ತಿ ಹೋಯಿತಾ, ಅರ್ಧ ಹೋಯಿತಾ, ಏನೂ ಆಗಲಿಲ್ಲವಾ? ಮನೆಗೆ ಹೋಗಿ ಗಂಟೆಗೊಮ್ಮೆ ಚೀಟಿಯಲ್ಲಿ ಬರೆದಿಡಬೇಕು. ಮನೆಯಲ್ಲಿ ನಡೆದು, ಮೆಟ್ಟಿಲು ಹತ್ತಿ ನೋಡಿ ಬರೆಯಬೇಕು. ನರ ಮರಗಟ್ಟಿದರೂ ನೋವು ಕದಲಲಿಲ್ಲ ಎಂದರೆ ಆ ನರಕ್ಕೆ ಕರೆಂಟ್ ಕೊಡುವುದರಲ್ಲೂ ಅರ್ಥವಿಲ್ಲ. ಅಮೆರಿಕದ ಟಿಕೆಟ್ ತೆಗೆಯುವ ಮೊದಲು ಈ ಚೀಟಿ ನಿಮ್ಮ ಕೈಯಲ್ಲಿರಬೇಕು ಎನ್ನುವುದು ನನ್ನ ಮಾತು.

ಈಗ ಕರೆಂಟು. ಮಂಡಿ ಬಾಗಿಲಿಗೆ ಬಡಿದರೆ ಯೋಚಿಸದೆಯೇ ಕೈ ಅಲ್ಲಿಗೆ ಹೋಗಿ ಉಜ್ಜುತ್ತದೆ, ಅಲ್ವಾ? ಉಜ್ಜಿದರೆ ಸಮಾಧಾನವೂ ಆಗುತ್ತದೆ. ಸ್ಪರ್ಶವನ್ನು ಸಾಗಿಸುವ ನರದ ಎಳೆಗಳು ದಪ್ಪ, ವೇಗ ಜಾಸ್ತಿ. ನೋವನ್ನು ಸಾಗಿಸುವವು ಸಪೂರ, ನಿಧಾನ. ಎರಡೂ ಬೆನ್ನುಹುರಿಯ ಒಂದೇ ಕಡೆ ಬಂದು ಸೇರುತ್ತವೆ. ಸ್ಪರ್ಶದ ಸುದ್ದಿ ರಾಶಿ ರಾಶಿ ಬಂದರೆ ನೋವಿನ ಸುದ್ದಿ ಮೇಲೆ ಹೋಗಲು ಜಾಗ ಕಡಿಮೆಯಾಗುತ್ತದೆ. ಬಾಗಿಲು ಅರ್ಧ ಮುಚ್ಚಿದ ಹಾಗೆ. ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ಇದನ್ನು 1965ರಲ್ಲಿ ಬರೆದರು. ಎರಡು ವರ್ಷ ಬಿಟ್ಟು ವಾಲ್ ಮತ್ತು ಬೋಸ್ಟನ್ನಿನ ಸರ್ಜನ್ ವಿಲಿಯಂ ಸ್ವೀಟ್ ತಮ್ಮದೇ ಮುಖದ ನರಕ್ಕೆ ಸೂಜಿ ಚುಚ್ಚಿಕೊಂಡು, ಕರೆಂಟ್ ಬಿಟ್ಟು ಪರೀಕ್ಷಿಸಿಕೊಂಡರು. ಬಾಗಿಲಿನ ಮಾತು ನಿಜವಾಗಿತ್ತು. ಅದೇ 1967ರಲ್ಲಿ ನಾರ್ಮನ್ ಶೀಲಿ ಎಂಬ ಅಮೆರಿಕದ ಸರ್ಜನ್ ಕ್ಯಾನ್ಸರ್ ನೋವಿನ ರೋಗಿಯೊಬ್ಬರ ಬೆನ್ನುಹುರಿಯ ಮೇಲೆ ಮೊದಲ ಸಲ ಇಂಥ ತಂತಿ ಇಟ್ಟರು. ಇವತ್ತಿನ ಎಲ್ಲ ಯಂತ್ರಗಳೂ ಆ ಬೇರಿನಿಂದ ಬಂದವು.

ನಿಮ್ಮ ಫಿಸಿಯೋಥೆರಪಿಯವರು ಹೇಳಿದ ಕರೆಂಟು ಟೆನ್ಸ್ ಆಗಿದ್ದರೆ ಧಾರಾಳವಾಗಿ ಮಾಡಿಸಬಹುದು. ಅದು ಚರ್ಮದ ಮೇಲೆ ಅಂಟಿಸುವ ಪ್ಯಾಡು, ಬ್ಯಾಟರಿಯ ಚಿಕ್ಕ ಡಬ್ಬಿ. ಒಳಗಿನ ಲೋಹ ಅದರಿಂದ ಬಿಸಿಯಾಗುವುದಿಲ್ಲ. ಆದರೆ 'ಕರೆಂಟ್ ಇಡೋದು' ಎಂದು ನಮ್ಮಲ್ಲಿ ಏನೇನನ್ನೋ ಕರೆಯುತ್ತಾರೆ, ಅಲ್ಲೇ ಎಚ್ಚರ ಬೇಕು. ಶಾರ್ಟ್‌ವೇವ್ ಡಯಾಥರ್ಮಿ ಎಂಬ, ಒಳಗಿನಿಂದ ಕಾಯಿಸುವ ಯಂತ್ರ ಲೋಹದ ಕೀಲಿನ ಮೇಲೆ ಬೇಡವೇ ಬೇಡ. ಲೋಹ ಬಿಸಿಯಾಗಿ ಸುತ್ತಲಿನ ಮಾಂಸ ಸುಡಬಹುದು. ನೀವು ಹೆದರಿದ್ದು ಪೂರ್ತಿ ತಪ್ಪಲ್ಲ, ಹೆದರಬೇಕಾದ ಯಂತ್ರ ಮಾತ್ರ ಬೇರೆ. ಯಂತ್ರದ ಹೆಸರು ಕೇಳಿ, ಬರೆದುಕೊಳ್ಳಿ.

ಟೆನ್ಸ್ ಫಲ ಕೊಡದೇ ಹೋಗುವುದು ಹೆಚ್ಚಾಗಿ ಅದನ್ನು ಬಳಸುವ ರೀತಿಯಿಂದ. ವಾರಕ್ಕೆ ಎರಡು ದಿನ ಕ್ಲಿನಿಕ್‌ಗೆ ಹೋಗಿ, ಇರುವೆ ಹರಿದಷ್ಟು ಕರೆಂಟು ಇಟ್ಟು, ಹತ್ತು ನಿಮಿಷ ಮಲಗಿ ಬಂದರೆ ಏನೂ ಆಗುವುದಿಲ್ಲ. ಸೆಕೆಂಡಿಗೆ 80ರಿಂದ 100 ಸಲ ಮಿಡಿಯುವಂತೆ ಇಡಬೇಕು. ಜುಮ್ಮೆನ್ನುವುದು ಜೋರಾಗಿಯೇ ಇರಬೇಕು, ನೋಯಬಾರದು, ಅಷ್ಟೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಅದು ಇರುವಾಗ ಎದ್ದು ಓಡಾಡಬೇಕು, ಯಾಕೆಂದರೆ ಟೆನ್ಸ್ ಸಹಾಯ ಮಾಡುವುದು ಹೆಚ್ಚಾಗಿ ನಡೆಯುವಾಗಿನ ನೋವಿಗೆ. ಪ್ಯಾಡನ್ನು ಮುಟ್ಟಿದರೆ ಉರಿಯುವ ಜಾಗದ ಮೇಲೇ ಅಂಟಿಸಿದರೆ ನೋವು ಕೆರಳಬಹುದು. ಮರಗಟ್ಟಿದ ಜಾಗದಲ್ಲಿ ಅಂಟಿಸಿದರೆ ಕರೆಂಟು ಎಷ್ಟು ಎಂದು ಗೊತ್ತಾಗದೆ ಚರ್ಮ ಸುಡಬಹುದು. ಶುಗರ್ ಇರುವವರಲ್ಲಿ ಈ ಅಪಾಯ ಜಾಸ್ತಿ. ಹಾಗಾಗಿ ಸ್ವಲ್ಪ ಮೇಲೆ, ತೊಡೆಯ ಒಳಭಾಗದಲ್ಲಿ, ನರ ಇಳಿದು ಬರುವ ದಾರಿಯಲ್ಲಿ ಅಂಟಿಸಿ ನೋಡಲು ಹೇಳಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಹೃದಯದ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಹಾಕಿಕೊಂಡು ನಿದ್ದೆ ಮಾಡುವುದು ಬೇಡ. ಮೊದಲು ಕ್ಲಿನಿಕ್‌ನ ಯಂತ್ರದಲ್ಲೇ ಕೆಲವು ದಿನ ನೋಡಿ. ಗುಣ ಕಂಡರೆ ಮಾತ್ರ ಮನೆಗೊಂದು ತೆಗೆದುಕೊಳ್ಳಿ.

ಜೊತೆಗೆ ಖರ್ಚಿಲ್ಲದ ಒಂದು ಅಭ್ಯಾಸ ಇದೆ. ಹಳೆಯ, ಒಗೆದು ಒಗೆದು ಮೆತ್ತಗಾದ ಕಾಟನ್ ಸೀರೆಯ ತುಂಡು ತೆಗೆದುಕೊಂಡು ಆ ಜಾಗವನ್ನು ಎರಡು ಮೂರು ನಿಮಿಷ ನೇವರಿಸಬೇಕು. ದಿನಕ್ಕೆ ನಾಲ್ಕೈದು ಸಲ. ಅದು ಸಹಿಸುವಂತಾದ ಮೇಲೆ ಸ್ವಲ್ಪ ದಪ್ಪ ಬಟ್ಟೆ, ಆಮೇಲೆ ಟವೆಲ್ಲು. 'ಇದು ಬರೀ ಬಟ್ಟೆ' ಎಂದು ನರಕ್ಕೆ ಮತ್ತೆ ಕಲಿಸುವ ಕೆಲಸ. ಸಣ್ಣದು ಅನ್ನಿಸುತ್ತದೆ, ಆದರೆ ನಾನು ಇದನ್ನು ಯಾರಿಗೂ ಹೇಳದೆ ಕಳಿಸುವುದಿಲ್ಲ.

ನಿಮ್ಮ ತಮ್ಮ ಹೇಳುತ್ತಿರುವುದು ಮುಂದಿನ ಮೆಟ್ಟಿಲು. ಅದು ಸುಳ್ಳು ಜಾಹೀರಾತಲ್ಲ. ಕೂದಲಿನಷ್ಟು ಸಪೂರದ, ಸ್ಪ್ರಿಂಗಿನಂತೆ ಸುತ್ತಿದ ತಂತಿಯನ್ನು ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯ ಮೂಲಕ ನರದ ಹತ್ತಿರ ಬಿಡುತ್ತಾರೆ. ನರಕ್ಕೆ ತಾಗಿಸುವುದಿಲ್ಲ. ಮಂಡಿ ನೋವಿಗೆ ಸಾಮಾನ್ಯವಾಗಿ ಎರಡು ತಂತಿ. ಒಂದು ತೊಡೆಯ ಮುಂದಿನ ಫೀಮೋರಲ್ ನರಕ್ಕೆ, ಇನ್ನೊಂದು ಹಿಂದಿನ ಸಯಾಟಿಕ್ ನರಕ್ಕೆ. ತಂತಿಯ ಹೊರತುದಿ ಚರ್ಮದ ಮೇಲೆ ಅಂಟಿಸಿದ ಚಿಕ್ಕ ಯಂತ್ರಕ್ಕೆ ಸೇರುತ್ತದೆ. ದಿನದಲ್ಲಿ ಹಲವು ಗಂಟೆ ಹಿತವಾಗಿ ಜುಮ್ಮೆನ್ನುತ್ತಿರುತ್ತದೆ. 60 ದಿನ ಆದ ಮೇಲೆ ತಂತಿಯನ್ನು ಎಳೆದು ತೆಗೆಯುತ್ತಾರೆ. ಒಳಗೆ ಬ್ಯಾಟರಿ ಇಲ್ಲ, ಕೊಯ್ಯುವುದೂ ಇಲ್ಲ.

ತಂತಿ ತೆಗೆದ ಮೇಲೂ ಗುಣ ಹೇಗೆ ಉಳಿಯುತ್ತದೆ ಎಂಬುದಕ್ಕೆ ಈ ಚಿಕಿತ್ಸೆ ಮಾಡುವವರು ಕೊಡುವ ವಿವರಣೆ ಇಷ್ಟು: ತಿಂಗಳುಗಟ್ಟಲೆ ನೋವಿನ ಸುದ್ದಿಯನ್ನೇ ಕೇಳಿ ಕೇಳಿ ಬೆನ್ನುಹುರಿ, ಮೆದುಳು ಅದಕ್ಕೇ ಟ್ಯೂನ್ ಆಗಿರುತ್ತವೆ. ಎರಡು ತಿಂಗಳು ಸತತವಾಗಿ ಮಾಮೂಲಿ ಸ್ಪರ್ಶದ ಸುದ್ದಿ ಕೊಟ್ಟರೆ ಆ ಟ್ಯೂನು ಹಿಂದಕ್ಕೆ ಬರುತ್ತದೆ. ಕೇಳಲು ಸರಿಯಾಗಿದೆ, ಪೂರ್ತಿ ರುಜುವಾತಾಗಿದೆ ಎಂದು ನಾನು ಹೇಳಲಾರೆ.

ಮಂಡಿ ಬದಲಾವಣೆಯ ನಂತರದ ನೋವಿಗೇ ಇದನ್ನು ಪರೀಕ್ಷಿಸಿದ ಅಧ್ಯಯನವೊಂದು 2024ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. 52 ಜನ. ಎಲ್ಲರಿಗೂ ತಂತಿ ಇಟ್ಟರು, ಆದರೆ ಒಂದು ಗುಂಪಿಗೆ ಮಾತ್ರ ನಿಜವಾದ ಕರೆಂಟು. ಎರಡನೇ ತಿಂಗಳಲ್ಲಿ ನೋವು ಅರ್ಧಕ್ಕರ್ಧ ಇಳಿದವರು ಕರೆಂಟಿನ ಗುಂಪಿನಲ್ಲಿ ನೂರಕ್ಕೆ 60, ಸುಳ್ಳು ಕರೆಂಟಿನ ಗುಂಪಿನಲ್ಲಿ ನೂರಕ್ಕೆ 24. ಈ ಎರಡೂ ಅಂಕಿಗಳನ್ನು ತಮ್ಮನಿಗೆ ಓದಿ ಹೇಳಿ. ಕರೆಂಟಿಗೆ ನಿಜವಾದ ಬಲ ಇದೆ ಎಂಬುದು ಒಂದು. ಏನೂ ಕೊಡದಿದ್ದರೂ ನಾಲ್ವರಲ್ಲಿ ಒಬ್ಬರಿಗೆ ಗುಣ ಕಂಡಿತು, ಕರೆಂಟು ಕೊಟ್ಟರೂ ಹತ್ತರಲ್ಲಿ ನಾಲ್ವರಿಗೆ ಅಷ್ಟು ಗುಣ ಕಾಣಲಿಲ್ಲ ಎಂಬುದು ಇನ್ನೊಂದು. 52 ಜನ ಎಂದರೆ ಚಿಕ್ಕ ಗುಂಪು. ತಂತಿ ಒಳಗೇ ತುಂಡಾಗುವುದು, ಅಂಟಿನಿಂದ ಚರ್ಮ ಕೆರಳುವುದು, ಅಪರೂಪಕ್ಕೆ ಸೋಂಕು, ಇವೂ ಲೆಕ್ಕದಲ್ಲಿರಲಿ. 60 ದಿನ ತಂತಿ ಹೊರಬಂದ ಜಾಗವನ್ನು ಒದ್ದೆಯಾಗದ ಹಾಗೆ ಕಾಪಾಡಬೇಕು. ಸ್ನಾನಕ್ಕೂ ಯೋಚಿಸಬೇಕು.

ಅಮ್ಮನನ್ನು ಇದಕ್ಕೆಂದೇ ಅಮೆರಿಕಕ್ಕೆ ಕರೆದೊಯ್ಯಬೇಕಾ? ಈಗಲೇ ಬೇಡ. ಅಲ್ಲಿ ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಹಳೆಯ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ, ಕೈಯಿಂದ ಕೊಡಬೇಕು. ತಂತಿ ಇಟ್ಟ ಮೇಲೆ ಎರಡು ತಿಂಗಳು ಅದೇ ಡಾಕ್ಟರ ಹತ್ತಿರ ಇರಬೇಕು. ಇಲ್ಲಿ ಇನ್ನೂ ಮಾಡಬೇಕಾದ್ದು ಬಹಳ ಉಳಿದಿದೆ.

ಇಲ್ಲಿನ ಪೇನ್ ಕ್ಲಿನಿಕ್‌ಗಳಲ್ಲಿ ನಿಮಗೆ ಹೇಳುವ ಸಾಧ್ಯತೆ ಇರುವುದು ರೇಡಿಯೋಫ್ರೀಕ್ವೆನ್ಸಿ. ಇದನ್ನೂ ಜನ 'ನರಕ್ಕೆ ಕರೆಂಟು' ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಸೂಜಿಯ ತುದಿಯನ್ನು ಸುಮಾರು 80 ಡಿಗ್ರಿಗೆ ಕಾಯಿಸಿ ಮಂಡಿಯ ಸುತ್ತಲಿನ ಸಣ್ಣ ನರಗಳನ್ನು ಸುಡುತ್ತಾರೆ. ಬದಲಾಯಿಸದ, ಸವೆದ ಮಂಡಿಗೆ ಇದರಿಂದ ಒಳ್ಳೆಯ ಫಲ ಸಿಕ್ಕಿದೆ. ಬದಲಾಯಿಸಿದ ಮಂಡಿಯಲ್ಲಿ ಆಧಾರ ಇನ್ನೂ ತೆಳುವಾಗಿದೆ. ಇನ್ನೊಂದು ಪಲ್ಸ್ಡ್ ಬಗೆ. ಬಿಸಿ 42 ಡಿಗ್ರಿ ದಾಟುವುದಿಲ್ಲ, ನರ ಸುಡುವುದಿಲ್ಲ. ಮುಟ್ಟಿದರೆ ಉರಿಯುವ ನೋವಿನಲ್ಲಿ ನರವನ್ನು ಸುಡಲು ನಾನು ಹಿಂದೇಟು ಹಾಕುತ್ತೇನೆ, ಏಕೆಂದರೆ ಗಾಯಗೊಂಡ ನರಕ್ಕೆ ಇನ್ನೊಂದು ಗಾಯವಾದ ಹಾಗೆ. ಯಾರಾದರೂ ಹೇಳಿದರೆ 'ಸುಡುತ್ತೀರಾ, ಸುಡದೆ ಮಾಡುತ್ತೀರಾ?' ಎಂದು ಕೇಳಿ. ಮದ್ದಿನ ಪರೀಕ್ಷೆ ಮಾಡದೆ ನೇರ ಇದಕ್ಕೆ ಹೊರಟರೆ ಎದ್ದು ಬನ್ನಿ.

ಕೊನೆಯ ಮೆಟ್ಟಿಲು ಒಳಗೇ ಬ್ಯಾಟರಿ ಇಡುವುದು. ಬೆನ್ನುಹುರಿಯ ಮೇಲೆ, ಅಥವಾ ನರ ಬೆನ್ನುಹುರಿಗೆ ಸೇರುವ ಮೊದಲು ಇರುವ ಗಂಟಿನ ಹತ್ತಿರ ತಂತಿ. ಈ ಎರಡನೆಯದನ್ನು ಡಿಆರ್‌ಜಿ ಎನ್ನುತ್ತಾರೆ. ಮಂಡಿಯಷ್ಟು ಚಿಕ್ಕ ಜಾಗವನ್ನು ಗುರಿಯಿಡಲು ಅದು ಅನುಕೂಲ. ಕಾಲಿಡೀ ಊದಿ, ಬಣ್ಣ ಬದಲಾಗಿ, ಬೆವರಿ ಉರಿಯುವ ಸಿಆರ್‌ಪಿಎಸ್ ಎಂಬ ಕಾಯಿಲೆಯವರಲ್ಲಿ 152 ಜನರ ಮೇಲೆ ನಡೆದ ಅಧ್ಯಯನದಲ್ಲಿ ಅದು ಬೆನ್ನುಹುರಿಯ ತಂತಿಗಿಂತ ಮೇಲಾಗಿ ಕಂಡಿತು. ಬೆನ್ನುಹುರಿ ಸ್ಟಿಮ್ಯುಲೇಟರ್ ಹಾಕುವವರು ಬೆಂಗಳೂರಿನಂಥ ಊರುಗಳಲ್ಲಿ ಇದ್ದಾರೆ. ಖರ್ಚು ಲಕ್ಷಗಳಲ್ಲಿ. ಕೃತಕ ಮಂಡಿಗೆ 2017ರಲ್ಲಿ ಸರ್ಕಾರ ಬೆಲೆ ಕಟ್ಟಿತು, ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ. ಆ ಮಂಡಿಯ ನೋವಿಗೆ ಹಾಕುವ ಯಂತ್ರ ಮಂಡಿಗಿಂತ ಎಷ್ಟೋ ಪಟ್ಟು ದುಬಾರಿ ಎನ್ನುವುದು ಒಂದು ವಿಚಿತ್ರ. ಅಮ್ಮನಿಗೆ ಸದ್ಯ ಇದರ ಯೋಚನೆಯೇ ಬೇಡ. ಒಂದು ವೇಳೆ ಮುಂದೆ ಬಂದರೂ, ಮೊದಲು ತಾತ್ಕಾಲಿಕ ತಂತಿ ಇಟ್ಟು ಕೆಲವು ದಿನ ನೋಡುತ್ತಾರೆ, ನೋವು ಅರ್ಧಕ್ಕಿಂತ ಕಡಿಮೆಯಾದರೆ ಮಾತ್ರ ಬ್ಯಾಟರಿ. ಒಳಗೆ ಯಂತ್ರ ಕೂತ ಮೇಲೆ ಮೈಯ ಯಾವ ಭಾಗಕ್ಕೂ ಡಯಾಥರ್ಮಿ ಕೊಡಿಸುವಂತಿಲ್ಲ, ಎಂಆರ್‌ಐಗೂ ಮೊದಲು ಕೇಳಬೇಕು.

ಮಾತ್ರೆಗಳ ವಿಷಯ ಬೇಗ ಮುಗಿಸುತ್ತೇನೆ. ನರದ ನೋವಿಗೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ಹತ್ತುವುದಿಲ್ಲ, ಜೊತೆಗೆ ಶುಗರ್ ಇರುವವರ ಕಿಡ್ನಿಗೆ ಹೊರೆ. ಡ್ಯುಲಾಕ್ಸೆಟಿನ್, ಪ್ರೆಗಾಬಾಲಿನ್, ಗಾಬಾಪೆಂಟಿನ್ ಈ ನೋವಿಗೆ ಇರುವ ಮದ್ದುಗಳು. ಡಾಕ್ಟರ್ ಬರೆದುಕೊಟ್ಟರೆ ಕಡಿಮೆ ಡೋಸಿನಿಂದ ಶುರು ಮಾಡಿ. ತೂಕಡಿಕೆ, ತಲೆಸುತ್ತು ಬರಬಹುದು. ರಾತ್ರಿ ಬಾತ್‌ರೂಮಿಗೆ ಏಳುವಾಗ ದೀಪ ಹಾಕಿಯೇ ಏಳಲಿ, ಬಿದ್ದರೆ ಕಥೆ ಬೇರೆಯೇ ಆಗುತ್ತದೆ. ಮನಸ್ಸಿಗೆ ಬಂದ ಹಾಗೆ ಒಮ್ಮೆಲೇ ನಿಲ್ಲಿಸಬಾರದು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಬಿ12 ಪರೀಕ್ಷೆಯೂ ಆಗಲಿ, ಅದು ಕಡಿಮೆಯಾದರೂ ನರ ಉರಿಯುತ್ತದೆ.

ಇಂಗ್ಲೆಂಡಿನ ಬ್ರಿಸ್ಟಲ್‌ನವರು 363 ಜನರ ಮೇಲೆ ನಡೆಸಿದ ಅಧ್ಯಯನವೊಂದು 2022ರಲ್ಲಿ ಬಂತು, ಅದರ ಹೆಸರು ಸ್ಟಾರ್. ಮಂಡಿ ಬದಲಾಯಿಸಿ ಮೂರು ತಿಂಗಳಾದರೂ ನೋವಿರುವವರನ್ನು ಕೂರಿಸಿಕೊಂಡು ಸಾವಧಾನವಾಗಿ ಪರೀಕ್ಷಿಸಿ, ಕಾರಣಕ್ಕೆ ತಕ್ಕವರ ಹತ್ತಿರ ಕಳಿಸಿ, ಆಮೇಲೆ ಫೋನಿನಲ್ಲಿ ವಿಚಾರಿಸಿಕೊಂಡರು. ಹೊಸ ಯಂತ್ರ ಏನೂ ಇಲ್ಲ. ವರ್ಷದ ಕೊನೆಗೆ ಇಂಥ ಆರೈಕೆ ಸಿಕ್ಕ ಗುಂಪಿನ ನೋವು, ಮಾಮೂಲಿ ಆರೈಕೆಯಲ್ಲೇ ಉಳಿದವರಿಗಿಂತ ಕಡಿಮೆಯಿತ್ತು. ಭಾರಿ ವ್ಯತ್ಯಾಸವಲ್ಲ, ಆದರೆ ಇತ್ತು. ನಾನು ಇಷ್ಟುದ್ದ ಪರೀಕ್ಷೆಯ ಮಾತಾಡಿದ್ದು ಅದಕ್ಕೇ.

ಎಡ ಮಂಡಿಯ ವಿಷಯ. ಒಂದು ಮಂಡಿಯ ನೋವು ಹೀಗೆ ಉಳಿದಿರುವಾಗ ಇನ್ನೊಂದಕ್ಕೆ ಅವಸರ ಬೇಡ. ಆಪರೇಷನ್ನಿಗೆ ಮೊದಲೇ ಮೈಯಲ್ಲಿ ಬೇರೆಡೆ ನೋವು, ನಿದ್ದೆಗೇಡು, ಮನಸ್ಸಿನ ಕುಗ್ಗು ಇದ್ದವರಿಗೆ ಆಮೇಲೆಯೂ ನೋವು ಉಳಿಯುವ ಸಂಭವ ಜಾಸ್ತಿ. ಬಲಗಾಲಿನ ಕಾರಣ ಸಿಗಲಿ, ರಾತ್ರಿ ನಿದ್ದೆ ಬರುವಂತಾಗಲಿ, ಶುಗರ್ ಹತೋಟಿಗೆ ಬರಲಿ. ಅಲ್ಲಿಯವರೆಗೆ ಎಡಗಾಲಿಗೆ ತೊಡೆಯ ವ್ಯಾಯಾಮ, ಕೋಲು. ಆಪರೇಷನ್ ಮಾಡಿಸುವುದೇ ಎಂದಾದರೆ ಮೊದಲ ಸಲ ಹೀಗಾಗಿದೆ ಎಂದು ಮೂಳೆ ಡಾಕ್ಟರಿಗೆ ಮಾತ್ರವಲ್ಲ, ಅರಿವಳಿಕೆ ಕೊಡುವ ಡಾಕ್ಟರಿಗೂ ಹೇಳಿ. ಆಪರೇಷನ್ ದಿನದ ನೋವನ್ನು ಗಟ್ಟಿಯಾಗಿ ಹಿಡಿದಿಡಲು ತೊಡೆಯಲ್ಲಿ ನರಕ್ಕೆ ಮದ್ದು ಕೊಡುವ ಏರ್ಪಾಡನ್ನು ಅವರು ಮೊದಲೇ ಮಾಡಿಕೊಳ್ಳುತ್ತಾರೆ. ಬಲಗಾಲಿನ ಆಪರೇಷನ್ನಿನ ಡಿಸ್ಚಾರ್ಜ್ ಸಮರಿ ಮನೆಯಲ್ಲಿದ್ದರೆ ಈಗಲೇ ಹುಡುಕಿಡಿ. ಯಾವ ಇಂಪ್ಲಾಂಟ್, ಯಾವ ಅರಿವಳಿಕೆ ಎಂದು ಎಲ್ಲರೂ ಮೊದಲು ಕೇಳುವುದು ಅದನ್ನೇ.